ಸಂಚಕಾರ ಕೊಟ್ಟು ಹಿಡಿದ ರೈಡರ್

ನಾನು ಕಾಲೇಜು ಕಲಿತವನಲ್ಲ. ಏಳನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ ಊರವರ ಎಮ್ಮೆಗಳನ್ನು ಮೂಡಲಗಿ ಸಂತೆಗೆ ಹೊಡೆದುಕೊಂಡು ಬರುವ ಕೆಲಸಕ್ಕೆ ನಿಂತವನು ಮುಂದೆ ಅಲ್ಲೇ ದಲಾಲಿಯಾದೆ. ಕೊಳ್ಳುವವನ ಮತ್ತು ಮಾರುವವನ ನಡುವೆ ನಿಂತು ಇಬ್ಬರನ್ನೂ ಒಂದು ಬೆಲೆಗೆ ತರುವುದು ನನ್ನ ಕಸುಬು. ಯಾರೂ ಕಲಿಸಲಿಲ್ಲ, ಬೈಗುಳ ತಿಂದು ಕಲಿತೆ. ಈಗ ಸಂತೆಯ ದಿನ ದೊಡ್ಡ ವ್ಯಾಪಾರವಿದ್ದರೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಮ್ಮೆಗಷ್ಟೇ ಅಲ್ಲ, ಮದುವೆಯ ಮಾತುಕತೆಗೂ, ಬಾಡಿಗೆ ಟ್ರ್ಯಾಕ್ಟರಿಗೂ ನನ್ನ ಸಲಹೆ ಕೇಳುತ್ತಾರೆ. ಕೇಳದಿದ್ದರೂ ಕೊಡುತ್ತೇನೆ, ಅದು ಬೇರೆ ಮಾತು.

ಇಂಥವನಿಗೆ ಮೂಡಲಗಿಯ ಕಾಲೇಜಿನ ಕಬಡ್ಡಿ ತಂಡದ ಹುಚ್ಚು ಹತ್ತಿದ್ದು ಒಂದು ಕಲ್ಲಿನ ಕಟ್ಟೆಯಿಂದ. ಸಂತೆಗೆ ಹೋಗುವ ದಾರಿಗೂ ಕಾಲೇಜಿನ ಮೈದಾನಕ್ಕೂ ನಡುವೆ ಆಗ ಮೊಣಕಾಲೆತ್ತರದ ಕಟ್ಟೆಯೊಂದೇ ಅಡ್ಡವಿತ್ತು. ವ್ಯಾಪಾರ ಮುಗಿದ ಮೇಲೆ ಎಮ್ಮೆಗಳಿಗೆ ನೀರು ಕುಡಿಸಿ ಅಲ್ಲಿ ಕೂರುತ್ತಿದ್ದೆವು. ನನ್ನ ಜೊತೆ ಇನ್ನಿಬ್ಬರು ದಲಾಲಿಗಳು, ಹಿಂಡಿ ಅಂಗಡಿಯ ಮಾಲಕ, ಸೈಕಲ್ ರಿಪೇರಿಯವನು. ಒಳಗೆ ಹುಡುಗರು ಸಂಜೆಯ ಆಟಕ್ಕೆ ಇಳಿಯುತ್ತಿದ್ದರು. ಮೊದಮೊದಲು ಸುಮ್ಮನೆ ನೋಡಿದೆವು, ಆಮೇಲೆ ಬೈಯತೊಡಗಿದೆವು. ಬೈಯುವಷ್ಟು ಸಲುಗೆ ಬಂತೆಂದರೆ ಅದು ನಮ್ಮ ತಂಡವಾಯಿತೆಂದೇ ಅರ್ಥ. ಊರವರು ನಮಗೆ ‘ಕಟ್ಟೆಯವರು’ ಎಂದು ಹೆಸರಿಟ್ಟರು. ಪ್ರಿನ್ಸಿಪಾಲರು ಬದಲಾಗುತ್ತಿದ್ದರು, ಹುಡುಗರು ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಹೋಗುತ್ತಿದ್ದರು. ಕಟ್ಟೆಯವರು ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ.

ಕೂಗುವುದರಲ್ಲಿ ನಮ್ಮದೊಂದು ರೂಢಿ ಇತ್ತು. ಹುಡುಗನ ಹೆಸರು ಹಿಡಿದು ಕೂಗುತ್ತಿರಲಿಲ್ಲ, ಅವನ ಊರನ್ನು ಕೂಗುತ್ತಿದ್ದೆವು. ರೇಡಿಗೆ ಹೊರಟವನು ಕೌಜಲಗಿಯವನಾದರೆ ‘ಕೌಜಲಗಿ, ಕೌಜಲಗಿ’ ಎಂದು ಗದ್ದಲ ಏಳುತ್ತಿತ್ತು, ಕ್ಯಾಚ್ ಹಿಡಿದವನು ಮಮದಾಪುರದವನಾದರೆ ಮಮದಾಪುರ. ಇವರೇನು ಬಸ್ ಸ್ಟ್ಯಾಂಡಿನಲ್ಲಿ ಸೀಟು ತುಂಬಿಸುತ್ತಿದ್ದಾರೋ ಎಂದು ಎದುರಿನ ಕಾಲೇಜಿನವರು ನಗುತ್ತಿದ್ದರು. ನಗಲಿ. ಅಂಕಣದಲ್ಲಿದ್ದ ಪ್ರತಿ ಹುಡುಗನ ಊರು, ಮನೆತನ, ಅವರ ಮನೆಯ ಹಿತ್ತಲಲ್ಲಿ ಕಟ್ಟಿದ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂಬುದು ನಮಗೆ ಗೊತ್ತಿತ್ತು. ಗೆದ್ದ ಸಂಜೆ ಸಂತೆಯವರು ತಂಡಕ್ಕೆ ಒಂದು ಕ್ಯಾನು ಹಾಲು ಕಳಿಸುತ್ತಿದ್ದೆವು. ಸೋತ ಸಂಜೆಯೂ ಕಳಿಸುತ್ತಿದ್ದೆವು, ಆದರೆ ಸಕ್ಕರೆ ಇಲ್ಲದೆ.

ಈ ಲೆಕ್ಕಾಚಾರ ಕೆಟ್ಟದ್ದು ಹುಕ್ಕೇರಿ ಕಡೆಯ ಒಂದು ಖಾಸಗಿ ಕಾಲೇಜು ಹೆಸರು ಮಾಡಬೇಕೆಂದು ಹೊರಟಾಗ. ಅವರ ಆಡಳಿತದವರಿಗೆ ಬಸ್ಸಿನ ಹಿಂದೆ ಹಾಕಲು ಒಂದು ಟ್ರೋಫಿಯ ಫೋಟೋ ಬೇಕಿತ್ತು. ಕಬಡ್ಡಿ ಆಡುವವರಿಗೆ ಹಾಸ್ಟೆಲ್ಲು ಪುಕ್ಕಟೆ, ಊಟ ಪುಕ್ಕಟೆ, ಮೇಲೆ ತಿಂಗಳು ತಿಂಗಳು ಬ್ಯಾಂಕಿಗೆ ಪಗಾರ. ಅದನ್ನು ಅವರು ಸ್ಕಾಲರ್‌ಶಿಪ್ ಎಂದು ಕರೆದರು. ನಮ್ಮ ತಂಡದ ಎಡಮೂಲೆಯಲ್ಲಿ ನಿಲ್ಲುತ್ತಿದ್ದ ಹುಡುಗ ದಸರೆಯ ರಜೆಗೆಂದು ಹೋದವನು ತಿರುಗಿ ಬರಲಿಲ್ಲ. ಮುಂದಿನ ವರ್ಷದ ಪಂದ್ಯದಲ್ಲಿ ಹುಕ್ಕೇರಿಯವರ ಅಂಗಿ ತೊಟ್ಟು ನಮ್ಮ ರೈಡರನ ಹಿಮ್ಮಡಿ ಹಿಡಿದು ಕೆಡವಿದ. ಆ ಪಟ್ಟು ಅವನಿಗೆ ಸಿದ್ಧಿಸಿದ್ದು ನಮ್ಮ ಕಣ್ಣೆದುರಿಗೆ, ಎರಡು ವರ್ಷ ನಮ್ಮಿಂದ ಬೈಸಿಕೊಂಡು. ಕಟ್ಟೆಯವರು ಬೈಯಲೂ ಇಲ್ಲ, ಕೂಗಲೂ ಇಲ್ಲ.

ಆಟಗಾರನಿಗೆ ರೊಕ್ಕ ಸಿಗಬಾರದು ಎನ್ನುವವರ ಪೈಕಿ ನಾನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊಣಕಾಲು ಮುರಿದುಕೊಳ್ಳುವವನು ಅವನು, ಫೋಟೋ ಹಾಕಿಸಿಕೊಳ್ಳುವವರು ಬೇರೆಯವರು, ಅವನ ಕೈಗೆ ಎರಡು ಬಾಳೆಹಣ್ಣು. ಇದು ನ್ಯಾಯದ ವ್ಯಾಪಾರವಲ್ಲ. ಟೀವಿಯಲ್ಲಿ ದೊಡ್ಡ ಲೀಗಿನವರು ಆಟಗಾರರನ್ನು ಹರಾಜಿಗೆ ನಿಲ್ಲಿಸುವುದನ್ನು ನಮ್ಮ ಹುಡುಗರೂ ನೋಡುತ್ತಾರೆ. ನನಗೂ ಒಂದು ಬೆಲೆ ಇದೆಯಲ್ಲ ಎಂದು ಅವರಿಗೆ ಅನ್ನಿಸಿದರೆ ತಪ್ಪೇನು? ನನ್ನ ದುಃಖ ಬೇರೆ. ವ್ಯಾಪಾರ ಶುರುವಾದ ಮೇಲೆ ನಾವು ಏನನ್ನು ಪ್ರೀತಿಸುತ್ತಿದ್ದೇವೆ ಎಂಬುದೇ ತಿಳಿಯದಾಯಿತು.

ಹುಕ್ಕೇರಿಯವರನ್ನು ನೋಡಿ ಗೋಕಾಕದ ಒಂದು ಕಾಲೇಜಿನವರು ಶುರುಮಾಡಿದರು. ಅವರನ್ನು ನೋಡಿ ನಮ್ಮ ಊರವರೂ ಮನೆಮನೆಯಿಂದ ಪಟ್ಟಿ ಎತ್ತಿ ರೊಕ್ಕ ಕೂಡಿಸಿದರು. ಕೊಲ್ಲಾಪುರದ ಕಡೆಯಿಂದ ಇಬ್ಬರು, ವಿಜಯಪುರದಿಂದ ಒಬ್ಬ, ಎಲ್ಲಿಂದಲೋ ಇನ್ನೊಬ್ಬ ಬಂದು ಸೇರಿದರು. ಒಳ್ಳೆಯ ಆಟಗಾರರೇ, ಸುಳ್ಳು ಹೇಳಬಾರದು. ಆದರೆ ಅವರು ರೇಡಿಗೆ ಹೊರಟಾಗ ಕಟ್ಟೆಯವರ ಬಾಯಿ ತೆರೆದೇ ಉಳಿಯುತ್ತಿತ್ತು, ಅವರ ಊರು ನಮಗೆ ಗೊತ್ತಿರಲಿಲ್ಲ. ಸೈಕಲ್ ರಿಪೇರಿಯವನು ಒಮ್ಮೆ ‘ಏಳು ನಂಬರ, ಏಳು ನಂಬರ’ ಎಂದು ಕೂಗಿ ನೋಡಿ ತಾನೇ ನಾಚಿಕೊಂಡು ಕೂತ. ಹರೆಯದವರಿಗೆ ಇದರ ಚಿಂತೆಯೇ ಇರಲಿಲ್ಲ. ಅವರು ಕಾಲೇಜನ್ನು ಬಿಟ್ಟು ಆಟಗಾರನ ಬೆನ್ನು ಹತ್ತಿದ್ದರು. ಫೋನಿನಲ್ಲಿ ಅವನ ರೀಲು ನೋಡುತ್ತಿದ್ದರು, ಅವನು ಹುಕ್ಕೇರಿಗೆ ಹೋದರೆ ಇವರೂ ಮನಸ್ಸಿನಲ್ಲಿ ಹುಕ್ಕೇರಿಯವರಾಗುತ್ತಿದ್ದರು.

ನಮ್ಮವನು ಎಂದು ಉಳಿದಿದ್ದವನು ಕುಲಗೋಡದ ಒಬ್ಬನೇ. ಬಿ.ಎ. ಎರಡನೆಯ ವರ್ಷ, ಕೃಶ ದೇಹ, ಬೋನಸ್ ಗೆರೆಯ ಮೇಲೆ ಕಾಲಿಟ್ಟು ತೆಗೆಯುವುದು ಹಲ್ಲಿ ನಾಲಗೆ ಚಾಚಿದ ಹಾಗೆ. ಬೆಳಿಗ್ಗೆ ಮನೆಯ ಎಮ್ಮೆಗಳಿಗೆ ಕಬ್ಬಿನ ಸೋಗೆ ಕತ್ತರಿಸಿ ಹಾಕಿ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದ. ಅವನ ಮನಸ್ಸಿನಲ್ಲಿದ್ದದ್ದು ನಮಗೆ ಆಮೇಲೆ ಗೊತ್ತಾಯಿತು, ಓದುವವರು ಈಗಲೇ ತಿಳಿದಿರಲಿ. ಅವನಿಗೆ ಪಿ.ಟಿ. ಮಾಸ್ತರನಾಗಬೇಕಿತ್ತು. ಕೊನೆಯ ವರ್ಷ ಕಾಲೇಜು ಪಂದ್ಯಗಳಲ್ಲಿ ಚೆನ್ನಾಗಿ ಆಡಿದರೆ ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುತ್ತಾರೆ, ಆ ತಂಡದ ಸರ್ಟಿಫಿಕೇಟು ಕೈಯಲ್ಲಿದ್ದರೆ ದೈಹಿಕ ಶಿಕ್ಷಣದ ಸೀಟಿಗೆ ಮುಂದೆ ನಿಲ್ಲಬಹುದು. ಅವನ ಪಾಲಿಗೆ ಉಳಿದಿದ್ದದ್ದು ಅದೊಂದೇ ವರ್ಷ.

ಆ ಬೇಸಿಗೆಯಲ್ಲಿ ಹುಕ್ಕೇರಿಯವರ ಕಾರು ಕುಲಗೋಡದಲ್ಲಿ ಕಾಣಿಸಿತು ಎಂಬ ಸುದ್ದಿ ಸಂತೆಗೆ ಬಂತು. ಹಿಂಡಿ ಅಂಗಡಿಯವನು ಚಹಾದ ಲೋಟ ಕೆಳಗಿಟ್ಟ. ಇವನೂ ಹೋದರೆ ಇನ್ನು ಆ ಕಟ್ಟೆಯ ಮೇಲೆ ಎಮ್ಮೆ ಕಟ್ಟಬೇಕು ಅಷ್ಟೇ ಎಂದ. ಐದೂ ಜನ ಕೂಡಿ, ಪಟ್ಟಿಯ ರೊಕ್ಕ ಜೇಬಿಗಿಟ್ಟುಕೊಂಡು ಕುಲಗೋಡಕ್ಕೆ ಹೊರಟೆವು. ಮಾತಾಡುವ ಹೊಣೆ ಸಹಜವಾಗಿ ನನ್ನ ಮೇಲೆ ಬಂತು.

ನಮ್ಮ ಸಂತೆಯಲ್ಲಿ ಮೊದಲು ನೋಡಬೇಕಾದದ್ದು ಹಗ್ಗ ಯಾರ ಕೈಯಲ್ಲಿದೆ ಎಂಬುದನ್ನು. ಹಗ್ಗ ಹಿಡಿದವನ ಜೊತೆ ಮಾತು, ಉಳಿದವರ ಜೊತೆ ಹರಟೆ. ಆ ಮನೆಯಲ್ಲಿ ಹಗ್ಗ ಹಿಡಿದವನು ಹುಡುಗನ ದೊಡ್ಡಪ್ಪ. ಹೊಲ ಅವನ ಮಾತಿನಂತೆ, ಕಬ್ಬಿನ ಬಿಲ್ಲು ಅವನ ಖಾತೆಗೆ, ಹುಡುಗನ ಅಪ್ಪ ಅಣ್ಣನ ಎದುರು ಕೂರುವವನೂ ಅಲ್ಲ. ಹಾಗಾಗಿ ನಾನು ನೇರವಾಗಿ ದೊಡ್ಡಪ್ಪನ ಬಾಜೂ ಕೂತೆ. ಹೆಗಲ ಮೇಲಿನ ಟವೆಲು ತೆಗೆದು ಇಬ್ಬರ ಕೈ ಮೇಲೆ ಹೊದಿಸಿದೆ. ಹೊರಗಿನವರಿಗೆ ಇದು ತಮಾಷೆ ಎನಿಸಬಹುದು. ನಮ್ಮಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ, ಟವೆಲಿನ ಒಳಗೆ ಬೆರಳು ಹಿಡಿದು ಹೇಳುತ್ತೇವೆ. ಮರ್ಯಾದೆ ಉಳಿಯುತ್ತದೆ, ಪಕ್ಕದವನಿಗೆ ಗೊತ್ತಾಗುವುದಿಲ್ಲ. ಅವನು ನನ್ನ ನಾಲ್ಕು ಬೆರಳು ಹಿಡಿದ, ನಾನು ಎರಡನ್ನು ಬಿಡಿಸಿಕೊಂಡೆ. ಹಳೆಯ ಗಿರಾಕಿ, ಜಗ್ಗಿದ ಹಾಗೆ ಮಾಡಿ ಒಪ್ಪಿದ. ಅಷ್ಟು ಹೊತ್ತೂ ಹುಡುಗ ಎಮ್ಮೆಗಳು ಮೇಯುವ ಗೋದಲಿಯ ಹತ್ತಿರ ಸೋಗೆ ಕತ್ತರಿಸುತ್ತಿದ್ದ, ನಡುವೆ ಒಮ್ಮೆ ಬಂದು ನಮಗೆಲ್ಲ ಚಹಾ ಕೊಟ್ಟು ಹೋದ. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ದೊಡ್ಡಪ್ಪ ಸಕ್ಕರೆ ಕಡಿಮೆಯಾಗಿದೆ ಎಂದು ಅವನನ್ನು ಒಳಗೆ ಕಳಿಸಿದ.

“ಹುಡುಗ ನನ್ನ ಮಾತ ದಾಟೂದಿಲ್ರಿ,” ಎಂದ ದೊಡ್ಡಪ್ಪ. “ನೀವು ನಿಶ್ಚಿಂತಿ ಹೋಗ್ರಿ.”

ಸಂಚಕಾರ ಕೊಟ್ಟೆವು. ಪುಸ್ತಕದ ಕನ್ನಡದಲ್ಲಿ ಈ ಮಾತಿಗೆ ಅಪಾಯ ಎಂಬ ಅರ್ಥವಿದೆ ಎಂದು ಬಲ್ಲೆ. ನಮ್ಮ ಸಂತೆಯಲ್ಲಿ ಅದು ಬೆಲೆ ಗಟ್ಟಿಮಾಡಲು ಕೊಡುವ ಮುಂಗಡ. ಸಂಚಕಾರ ಕೊಟ್ಟ ಮೇಲೆ ಕೊಂಡವನೂ ಹಿಂದೆ ಸರಿಯುವಂತಿಲ್ಲ, ಮಾರಿದವನೂ ಸರಿಯುವಂತಿಲ್ಲ. ಬರೆದುಕೊಳ್ಳುವುದು ಬೇಕಿಲ್ಲ, ನಾಲ್ಕು ಜನರೆದುರು ಗುಲಾಲು ಹಚ್ಚಿದರೆ ಮುಗಿಯಿತು. ಅದನ್ನೂ ಮಾಡಿದೆವು. ಹುಡುಗನನ್ನು ಕರೆದು ಹಣೆ ತುಂಬ ಗುಲಾಲು ಹಚ್ಚಿ, ಹಾರ ಹಾಕಿ, ದೊಡ್ಡಪ್ಪನ ಕೈ ಅವನ ಹೆಗಲ ಮೇಲಿಡಿಸಿ ಫೋಟೋ ತೆಗೆಸಿಕೊಂಡೆವು. ದಾರಿಯಲ್ಲೇ ಸೈಕಲ್ ರಿಪೇರಿಯವನು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಕೆಳಗೆ ಬರೆದದ್ದು ‘ಸಂಚಕಾರ ಮುಗೀತು. ಈ ವರ್ಷಾನೂ ಮೂಡಲಗಿ.’ ಒಳ್ಳೆಯ ಎಮ್ಮೆ ಕೊಂಡ ದಿನ ಹೀಗೆಯೇ ಹಾಕುತ್ತೇವೆ. ಎಲ್ಲರೂ ಹಾಕಿದೆವು. ಸಂಜೆಯ ಹೊತ್ತಿಗೆ ಸಂತೆಯ ಅರ್ಧ ಜನರ ಫೋನಿನಲ್ಲಿ ಹುಡುಗ ಗುಲಾಲು ಹಚ್ಚಿಕೊಂಡು ನಿಂತಿದ್ದ.

ಆದರೆ ಅವನು ಅದಕ್ಕೆ ಮೊದಲೇ ಹುಕ್ಕೇರಿಯ ಕಾಲೇಜಿಗೆ ಕಾಗದ ತುಂಬಿ ಕೊಟ್ಟಾಗಿತ್ತು. ಪಗಾರದ ಆಸೆಗಲ್ಲ. ಆ ಆಡಳಿತದವರದೇ ಒಂದು ದೈಹಿಕ ಶಿಕ್ಷಣದ ಕಾಲೇಜೂ ಇದೆ. ಈ ವರ್ಷ ನಮಗೆ ಆಡು, ಮುಂದಿನ ವರ್ಷ ಅಲ್ಲಿ ಸೀಟು ಎಂದಿದ್ದರಂತೆ. ಮನೆಯಲ್ಲಿ ಹೇಳಲು ಧೈರ್ಯ ಸಾಲದೆ ತಾಯಿಗೆ ಮಾತ್ರ ಹೇಳಿದ್ದ. ಇತ್ತ ನಾವು ಸಂಚಕಾರದ ಸುದ್ದಿಯನ್ನು ನಮ್ಮ ಕಾಲೇಜಿಗೆ ಮುಟ್ಟಿಸಿ ಅವನ ವರ್ಗಾವಣೆಯ ದಾಖಲೆ ಬಿಡಬೇಡಿ ಎಂದೆವು. ಅವರೂ ಬಿಡಲಿಲ್ಲ, ತಂಡದ ಪಟ್ಟಿಯಲ್ಲಿ ಅವನ ಹೆಸರು ಕಳಿಸಿದರು. ಹುಕ್ಕೇರಿಯವರೂ ಕಳಿಸಿದರು. ಎರಡು ಪಟ್ಟಿಯಲ್ಲಿ ಒಬ್ಬನೇ ಹುಡುಗ.

ಅದನ್ನು ಹಿಡಿದವರು ಗೋಕಾಕದವರು. ಅವರ ತಂಡ ಎರಡು ವರ್ಷದಿಂದ ಇವನ ರೇಡಿಗೆ ಸೋಲುತ್ತಿತ್ತು. ಪಂದ್ಯ ನಡೆಸುವ ವಿಶ್ವವಿದ್ಯಾಲಯದ ಸಮಿತಿಗೆ ಕೊಟ್ಟ ದೂರಿನ ಜೊತೆ ನಮ್ಮದೇ ಫೋಟೋ ಲಗತ್ತಿಸಿದ್ದರು. ಹುಕ್ಕೇರಿಯವರು ಕೊಡುವ ರೊಕ್ಕ ಬ್ಯಾಂಕಿನಲ್ಲಿ ಹೋಗುತ್ತದೆ, ಅದಕ್ಕೆ ಸ್ಕಾಲರ್‌ಶಿಪ್ ಎಂದು ಹೆಸರಿದೆ, ಅದನ್ನು ಯಾರೂ ಪ್ರಶ್ನಿಸುವಂತಿಲ್ಲ. ನಾವು ಕೊಟ್ಟದ್ದಕ್ಕೆ ನಾವೇ ಸಂಚಕಾರ ಎಂದು ಬರೆದು ಊರಿಗೆಲ್ಲ ತೋರಿಸಿದ್ದೆವು. ಸಮಿತಿಯವರು ಆ ವರ್ಷ ಅವನು ಯಾವ ಕಾಲೇಜಿಗೂ ಆಡುವಂತಿಲ್ಲ ಎಂದು ತೀರ್ಮಾನ ಕೊಟ್ಟರು.

ನಾನು ಸುಮ್ಮನೆ ಕೂರುವವನಲ್ಲ. ಮೊದಲು ಗೋಕಾಕಕ್ಕೆ ಹೋದೆ. ಅಲ್ಲಿನ ತಂಡದ ಹಿಂದೆ ಓಡಾಡುವ ಇಬ್ಬರನ್ನು ಹೊಟೇಲಿನಲ್ಲಿ ಕೂರಿಸಿ, ದೂರು ಹಿಂದೆ ತೆಗೆದುಕೊಂಡರೆ ನಮ್ಮ ಕಾಲೇಜಿನ ಪಟ್ಟಿಯಿಂದ ಹೆಸರು ತೆಗೆಸುತ್ತೇವೆ, ಹುಡುಗ ಹುಕ್ಕೇರಿಗಾದರೂ ಆಡಲಿ ಎಂದೆ. ನನ್ನ ಪಾಲಿಗೆ ಅದು ದೊಡ್ಡ ನಷ್ಟದ ವ್ಯಾಪಾರ, ಆದರೂ ಇಳಿದೆ. ಅವರಲ್ಲೊಬ್ಬ ಫೋನು ತೆಗೆದು ನಮ್ಮ ಫೋಟೋ ನನಗೇ ತೋರಿಸಿದ.

“ಎಮ್ಮಿ ಛಲೋ ಐತ್ರಿ,” ಎಂದ. “ಹಾಲು ಎಷ್ಟ ಕೊಡತೈತಿ?”

ಇಬ್ಬರೂ ನಕ್ಕರು. ಚಹಾದ ಬಿಲ್ಲು ನಾನೇ ಕೊಟ್ಟು ಬಂದೆ.

ಆಮೇಲೆ ಸಮಿತಿಯ ಸಾಹೇಬರ ಬಳಿ ಹೋದೆ. ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು. ನಾನು ಮಾತಿಗೆ ಮೂರು ದಾರಿ ಇಟ್ಟುಕೊಂಡು ಹೋಗಿದ್ದೆ. ಹುಡುಗನ ಬಡತನ ಒಂದು, ನಮ್ಮ ತಿಳಿಗೇಡಿತನ ಇನ್ನೊಂದು, ಎರಡೂ ನಡೆಯದಿದ್ದರೆ ಅರ್ಧ ವರ್ಷದ ಶಿಕ್ಷೆಗೆ ಇಳಿಸುವ ಮಾತು ಮೂರನೆಯದು. ಅವರು ಮೂರನ್ನೂ ಕೇಳಿ, ನಿಯಮದ ಕಾಗದವನ್ನು ನನ್ನ ಕಡೆ ತಿರುಗಿಸಿದರು. ಅದರಲ್ಲಿ ಹೆಚ್ಚು ಕಡಿಮೆ ಮಾಡುವ ಜಾಗವೇ ಇರಲಿಲ್ಲ. ಇಷ್ಟು ವರ್ಷ ವ್ಯಾಪಾರ ಮಾಡಿದ್ದೇನೆ, ಎದುರಿನವನಿಗೆ ಏನಾದರೂ ಬೇಕಾಗಿರುತ್ತದೆ ಎಂಬ ಧೈರ್ಯದ ಮೇಲೆಯೇ ಮಾಡಿದ್ದೇನೆ. ಆ ಮನುಷ್ಯನಿಗೆ ನನ್ನಿಂದ ಏನೂ ಬೇಕಿರಲಿಲ್ಲ.

ಆ ವರ್ಷದ ಪಂದ್ಯಗಳು ಗೋಕಾಕದಲ್ಲೇ ನಡೆದವು. ಟೆಂಪೋ ಮಾಡಿಕೊಂಡು ಕಟ್ಟೆಯವರು ಹೋದೆವು, ರೂಢಿ ಬಿಡುವುದಿಲ್ಲ. ನಮ್ಮ ತಂಡ ಆಡುವಾಗ ಹುಡುಗ ಬಂದು ನನ್ನ ಪಕ್ಕದಲ್ಲಿ ಕೂತ. ಅವನು ನಮ್ಮನ್ನು ಬೈಯುತ್ತಾನೆಂದು ಕಾದೆ. ಬೈದಿದ್ದರೆ ಸಲೀಸಾಗುತ್ತಿತ್ತು, ಬೈಗುಳಕ್ಕೆ ಉತ್ತರ ಕೊಟ್ಟು ಅಭ್ಯಾಸವಿದೆ. ಅವನು ಅಂಕಣದ ಕಡೆಯೇ ನೋಡುತ್ತ ಕೇಳಿದ:

“ಕಾಕಾ, ಅವತ್ತ ಚಾ ಕೊಡಾಕ ಬಂದಿದ್ನೆಲ್ಲ. ಒಂದ ಮಾತ ನನ್ನ ಯಾಕ ಕೇಳಲಿಲ್ರಿ?”

ನಾನು, ನಿಮ್ಮ ದೊಡ್ಡಪ್ಪ ಇದ್ದರಲ್ಲ ತಮ್ಮಾ, ಮನೆಯ ಹಿರಿಯರನ್ನು ದಾಟಿ ಹುಡುಗನನ್ನು ಕೇಳುವುದು ಹೇಗೆ ಎಂದೆ. ಹೇಳುತ್ತಿದ್ದಂತೆ ಅದು ಸಂತೆಯ ಮಾತು ಎಂದು ನನಗೇ ಕೇಳಿಸಿತು. ಎಮ್ಮೆಯ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ. ಎಲ್ಲಿಗೆ ಹೋಗುತ್ತೀಯ ಎಂದು ಅದನ್ನು ಕೇಳುವುದಿಲ್ಲ.

“ಕೇಳಿದ್ರ ಹೇಳತಿದ್ನಿ,” ಎಂದ ಅವನು. “ನಂಗ ರೊಕ್ಕ ಬ್ಯಾಡಾಗಿತ್ರಿ. ಒಂದ ಸೀಟ ಬೇಕಾಗಿತ್ತು. ನೀವು ಮಾತಾಡಿದ್ರ ನಮ್ಮ ಕಾಲೇಜಿನ್ಯಾಗ ಇದ್ದುಕೊಂಡ ಅದನ್ನ ಹೆಂಗ ಪಡಿಯೂದಂತ ಒಂದ ದಾರಿ ಹುಡುಕತಿದ್ರಿ. ನಿಮಗ ಬರತೈತಲ್ಲ ಅದು.”

ಬರುತ್ತಿತ್ತು. ಖರೆ ಹೇಳಬೇಕೆಂದರೆ ಅದು ನನಗೆ ಬರುವ ಕೆಲಸವೇ.

ನಮ್ಮ ತಂಡ ಅಂದು ಗೆದ್ದಿತು. ಹೊರಗಿನಿಂದ ಬಂದವರು ಸೊಗಸಾಗಿ ಆಡಿ, ಬಟ್ಟೆ ಬದಲಿಸಿ, ಕತ್ತಲಾಗುವ ಮೊದಲೇ ತಮ್ಮ ತಮ್ಮ ಊರಿನ ಬಸ್ಸು ಹಿಡಿದರು. ಕಟ್ಟೆಯವರು ಟೆಂಪೋದಲ್ಲಿ ಊರಿಗೆ ಬಂದೆವು. ಹಾಲಿನ ಕ್ಯಾನು ಯಾರಿಗೆ ಕಳಿಸಬೇಕೆಂದು ತಿಳಿಯದೆ ಹಿಂಡಿ ಅಂಗಡಿಯವನು ಅದನ್ನು ಡೇರಿಗೆ ಹಾಕಿಬಿಟ್ಟ. ಮುಂದಿನ ಪಂದ್ಯಕ್ಕೆ ಮೂವರು ಬಂದರು, ಅದರ ಮುಂದಿನದಕ್ಕೆ ನಾನೂ ಹೋಗಲಿಲ್ಲ.

ಹುಡುಗ ಡಿಗ್ರಿ ಪಾಸಾದ. ವಿಶ್ವವಿದ್ಯಾಲಯದ ತಂಡವಿಲ್ಲ, ಸರ್ಟಿಫಿಕೇಟಿಲ್ಲ. ಆಡದವನಿಗೆ ಕೊಟ್ಟ ಮಾತು ನಡೆಸಲು ಹುಕ್ಕೇರಿಯವರಿಗೂ ಕಾರಣವಿರಲಿಲ್ಲ, ಫೋನು ಎತ್ತುವುದನ್ನು ಬಿಟ್ಟರು. ಈಗ ಅವನು ಹಳ್ಳಿಹಳ್ಳಿಯ ಓಪನ್ ಟೂರ್ನಮೆಂಟುಗಳಲ್ಲಿ ಆಡುತ್ತಾನೆ. ವಾರಕ್ಕೊಂದು ಊರು, ಊರಿಗೊಂದು ಅಂಗಿ. ಕರೆದವರಿಗೆ ಆಡುವುದು, ರೊಕ್ಕ ಇಸಿದುಕೊಂಡು ಬರುವುದು.

ಮಕ್ಕಳು ಆಡುವ ಮನೆಯವರಿಗೆ ನನ್ನದೊಂದು ಸಲಹೆ ಇದೆ, ಬೇಡವೆಂದರೂ ಹೇಳುತ್ತೇನೆ. ಕಾರು ತೆಗೆದುಕೊಂಡು ಬಂದವರ ಜೊತೆ ಕೂರುವ ಮೊದಲು ಹುಡುಗನ ಜೊತೆ ಕೂರಿ. ಅವನಿಗೆ ಏನು ಬೇಕೆಂದು ತಿಳಿದುಕೊಂಡು ಅದಕ್ಕೆ ಬೆಲೆ ಕಟ್ಟಿ. ಬಾಯಿಮಾತು ಬೇಡ, ಸೀಟೆಂದರೆ ಸೀಟೆಂದು ಬರೆಸಿಕೊಳ್ಳಿ. ಇದನ್ನು ಎಲ್ಲರಿಗೂ ಹೇಳಿ ನೋಡಿದ್ದೇನೆ. ತಲೆಯಾಡಿಸುತ್ತಾರೆ, ಹೋಗಿ ನಾವು ಮಾಡಿದ್ದನ್ನೇ ಮಾಡುತ್ತಾರೆ.

ಇತ್ತೀಚೆಗೆ ಒಂದು ಎಮ್ಮೆ ನೋಡಲು ಮಮದಾಪುರಕ್ಕೆ ಹೋದಾಗ ಅಲ್ಲಿ ಪಂದ್ಯ ನಡೆದಿತ್ತು. ಹುಡುಗ ನನ್ನನ್ನು ಕಂಡು ಅಂಕಣ ದಾಟಿಕೊಂಡು ಬಂದ. ಮೈ ತುಂಬಿಕೊಂಡಿದ್ದ, ಒಂದು ಮೊಣಕಾಲಿಗೆ ಪಟ್ಟಿ ಸುತ್ತಿದ್ದ. ಊರ ಕಡೆಯ ಸುದ್ದಿ ಕೇಳಿ ಆಮೇಲೆ ಕೆಲಸದ ಮಾತಿಗೆ ಬಂದ. ಮುಂದಿನ ವಾರ ಕೌಜಲಗಿಯವರು ಕರೆದಿದ್ದಾರೆ, ಅವರು ಬಹಳ ಜಗ್ಗುತ್ತಾರೆ, ತನಗೆ ಮಾತು ಬರುವುದಿಲ್ಲ ಎಂದ.

“ನನ್ನ ಪರವಾಗಿ ನೀವ ಮಾತಾಡ್ರಿ ಕಾಕಾ,” ಎಂದ. “ನಿಮ್ಮ ದಲಾಲಿ ನೀವು ಇಟಗೋರಿ.”

ಅವನ ದನಿಯಲ್ಲಿ ಚುಚ್ಚುಮಾತಿರಲಿಲ್ಲ. ನಾನು ಅದನ್ನೇ ಹುಡುಕಿದೆ, ಸಿಗಲಿಲ್ಲ. ದಲಾಲಿ ಬೇಡ ಎಂದೆ. ಆಟದಲ್ಲಿ ಪೆಟ್ಟಾದರೆ ದವಾಖಾನೆಯ ಖರ್ಚು ಕರೆದವರದು ಎಂಬುದನ್ನು ಇನ್ನು ಮೇಲೆ ಮೊದಲೇ ಮಾತಾಡಿಕೊಳ್ಳಬೇಕು ಎಂದೂ ಹೇಳಿದೆ. ಅವನು ಕೌಜಲಗಿಯವನ ನಂಬರು ಹಚ್ಚಿ ಫೋನನ್ನು ನನ್ನ ಕೈಗಿಟ್ಟು ಎದುರಿಗೆ ನಿಂತ. ಆ ಕಡೆಯವನು ಹೊಸಬ. ಅವನು ಇಳಿಸಿದ, ನಾನು ಏರಿಸಿದೆ. ದವಾಖಾನೆಯ ಮಾತಿಗೆ ಬಂದಾಗ ಅವನು ತಡೆದ.

“ಹುಡುಗ ನಿಮಗೇನ ಆಗಬೇಕ್ರಿ?”

ನಮ್ಮವನು ಎಂದರೆ ಬೆಲೆ ಬೀಳುತ್ತದೆ. ಮನೆಯವರು ಮಾತಾಡುತ್ತಿದ್ದಾರೆಂದು ತಿಳಿದರೆ ಎದುರಿನವನು ಉಪಕಾರ ಕೇಳಲು ಶುರುಮಾಡುತ್ತಾನೆ. ಇದು ಕಸುಬಿನ ಮೊದಲ ಪಾಠ.

“ಏನೂ ಆಗಬೇಕಾಗಿಲ್ರಿ,” ಎಂದೆ. “ನಾ ದಲಾಲಿ.”

ಹುಡುಗ ಕೇಳಿಸಿಕೊಂಡ. ಸರಿಯಾಗಿ ಹೇಳಿದಿರಿ ಎಂಬಂತೆ ತಲೆಯಾಡಿಸಿದ. ಬೆಲೆ ನಾವಂದುಕೊಂಡದ್ದಕ್ಕಿಂತ ಮೇಲೆಯೇ ಗಟ್ಟಿಯಾಯಿತು, ದವಾಖಾನೆಗೂ ಒಪ್ಪಿದರು. ಅವನು ಫೋನು ತೆಗೆದುಕೊಂಡು ಬೂಟಿನ ಲಾಡಿ ಕಟ್ಟುತ್ತ ಅಂಕಣದ ಕಡೆ ಹೋದ. ಅಂದು ಅವನು ಯಾವ ಊರಿಗೆ ಆಡುತ್ತಿದ್ದಾನೆಂದು ಕೇಳಲು ನಾನು ಮರೆತಿದ್ದೆ. ಕೇಳಬೇಕೆಂದೂ ಅನ್ನಿಸಲಿಲ್ಲ.